ಒಳಮೈ ಹೊರಗಾದ ಸ್ವೆಟರ್

ನವೆಂಬರ್ ೩

ಬಾಯಿ ಬಿಟ್ಟರೆ ಜಗಳವಾಗುತ್ತದೆ, ಬಿಡದಿದ್ದರೆ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಈ ದಿನಚರಿ. ಮುರಿದಿರುವುದು ಎಡಗೈ, ಬಲಗೈ ನೆಟ್ಟಗಿದೆ, ಬರೆಯಲು ಅಡ್ಡಿಯಿಲ್ಲ.

ನಡೆದದ್ದು ಇಷ್ಟು. ಬೀರುವಿನ ಮೇಲಿದ್ದ ಬೂದು ಉಣ್ಣೆಯ ಉಂಡೆ ಬೇಕಾಗಿತ್ತು. ಮಗನನ್ನು ಕೂಗಿದರೆ ಅವನು ನಿದ್ದೆ. ರಾತ್ರಿಯಿಡೀ ಬೇಕರಿಯ ಒಲೆ ಮುಂದೆ ನಿಂತು ಬಂದವನು ಹಗಲು ಕೊರಡಿನ ಹಾಗೆ ಮಲಗುತ್ತಾನೆ. ಸೊಸೆಯನ್ನು ಕರೆಯಲು ನನಗೆ ಮನಸ್ಸಿರಲಿಲ್ಲ. ಸ್ಟೂಲು ಹತ್ತಿದೆ. ಸ್ಟೂಲು ಒಂದು ಕಡೆ ಹೋಯಿತು, ನಾನು ಒಂದು ಕಡೆ. ಈಗ ಅಂಗೈಯಿಂದ ಮೊಣಕೈ ದಾಟಿ ಪ್ಲಾಸ್ಟರು. ಒಂದೂವರೆ ತಿಂಗಳು ಹೆಣಿಗೆ ಮಶಿನ್ ಮುಟ್ಟುವ ಹಾಗಿಲ್ಲವಂತೆ.

"ಮನೇಲಿ ಸಹಾಯಕ್ಕೆ ಯಾರಾದ್ರೂ ಇದಾರಾ?" ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸೊಸೆ "ನಾನಿದೀನಲ್ಲ!" ಎಂದಳು. ಅವಳು ಸಿಟಿ ಬಸ್ಸು ಓಡಿಸುತ್ತಾಳೆ. ಆ ದನಿಗೆ ಹೊರಗೆ ಸಾಲಿನಲ್ಲಿ ಕೂತವರೆಲ್ಲ ಒಳಗೆ ಇಣುಕಿದರು.

ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ಬಾಗಿಲಲ್ಲಿ ಅಡ್ಡಡ್ಡ ಬಿದ್ದಿರುವ ಬೂಟು, ಪಾತ್ರೆ ತೊಳೆಯುವಾಗ ಸಿಳ್ಳೆ, ಬಾಗಿಲು ಹಾಕಿದರೆ ಗೋಡೆಯ ಗಡಿಯಾರ ಅಲ್ಲಾಡಬೇಕು. ಇನ್ನು ಒಂದೂವರೆ ತಿಂಗಳು ಇವಳ ಕೈಯಲ್ಲಿ ನಾನು.

ನವೆಂಬರ್ ೪

ಇಂದು ತಿಳಿದ ಸಂಗತಿ: ಊರಿಗೆಲ್ಲ ಸ್ವೆಟರ್ ಹೆಣೆದುಕೊಟ್ಟ ನನಗೆ ನಾನೇ ಹೆಣೆದ ಸ್ವೆಟರಿನೊಳಗೆ ತೂರಲು ಆಗುವುದಿಲ್ಲ. ಬೀರುವಿನಲ್ಲಿದ್ದವನ್ನೆಲ್ಲ ಒಂದೊಂದಾಗಿ ಎಳೆದು ನೋಡಿದೆ. ಎಲ್ಲದರ ತೋಳೂ ಬಿಗಿ. ಮೈಗೆ ಅಂಟಿದ ಹಾಗೆ ಕೂರಬೇಕೆಂದು ಹಟ ಹಿಡಿದು ಹೆಣೆದವಳು ನಾನೇ ತಾನೆ, ಯಾರನ್ನು ಬೈಯಲಿ?

ಕೊನೆಗೆ ಸೊಸೆ ಮಗನ ಹಳೆಯ ಕೋಟು ತಂದು ಹೊದಿಸಿದಳು. ಅವಳು ಗುಂಡಿ ಹಾಕುವಾಗ ನಾನು ಗೋಡೆ ನೋಡುತ್ತ ನಿಂತೆ. ಅವಳೂ ಗೋಡೆ ನೋಡುತ್ತಲೇ ಹಾಕಿದಳು. ಒಂದು ಗುಂಡಿ ತಪ್ಪಿ ಇನ್ನೊಂದರ ಕಾಜಾಕ್ಕೆ ಹೋಯಿತು. ಬಿಚ್ಚಿ ಹಾಕು ಎನ್ನಲು ನಾಚಿಕೆಯಾಗಿ ಇಡೀ ದಿನ ಸೊಟ್ಟ ಕೋಟಿನಲ್ಲೇ ಓಡಾಡಿದೆ.

ನವೆಂಬರ್ ೯

ಮನೆಯಲ್ಲಿ ಯಾರೂ ಎದ್ದಿಲ್ಲ ಎಂದುಕೊಂಡು ಮಶಿನ್ ಮುಂದೆ ಕೂತೆ. ಹಲ್ಲುವೈದ್ಯೆ ಹೆಣೆಯಲು ಹೇಳಿದ್ದ ಶಾಲು ಅರ್ಧಕ್ಕೇ ನಿಂತಿದೆ. ಗಾಡಿಯನ್ನು ಒಂದೇ ಕೈಯಲ್ಲಿ ತಳ್ಳಿದರಾಯಿತು ಎಂಬ ಧೈರ್ಯ. ಸೂಜಿಗಳ ಸಾಲಿನ ಮೇಲೆ ಆ ಕಡೆಯಿಂದ ಈ ಕಡೆಗೆ ಗಾಡಿ ಓಡಿದರೆ ಒಂದು ಸಾಲು ಹೆಣೆದಂತೆ. ತಳ್ಳುವುದೇನು ಮಹಾ? ಆದರೆ ಒಂದು ಕೈ ತಳ್ಳುತ್ತಿದ್ದರೆ ಇನ್ನೊಂದು ಕೈ ನೂಲನ್ನೂ, ಕೆಳಗೆ ತೂಗುಬಿಟ್ಟ ತೂಕಗಳನ್ನೂ ನೋಡಿಕೊಳ್ಳಬೇಕು.

ನೂಲು ಸಿಕ್ಕಿಕೊಂಡಿತು. ನಾನು ಜಗ್ಗಿದೆ. ಇಡೀ ಶಾಲು ಸೂಜಿಗಳಿಂದ ಕಳಚಿ, ತೂಕಗಳ ಸಮೇತ ಧಡಾರನೆ ನೆಲಕ್ಕೆ ಬಿತ್ತು.

ಸೊಸೆ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿಬಂದಳು. ಬಿದ್ದದ್ದು ನಾನಲ್ಲ ಎಂದು ತಿಳಿದ ಮೇಲೆ ನೆಲದ ಮೇಲೆ ಕೂತುಬಿಟ್ಟಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಕೆಲಸಕ್ಕೆ ತಡವಾಗುತ್ತಿದ್ದರೂ ಕಳಚಿದ ಕುಣಿಕೆಗಳಿಗೆ ನಾನು ಹೇಳಿದ ಹಾಗೆ ಬೇರೆ ದಾರ ಪೋಣಿಸಿ, ಬಿಚ್ಚಿಹೋಗದಂತೆ ಕಟ್ಟಿಟ್ಟು ಹೋದಳು. ದೊಡ್ಡ ಬೆರಳುಗಳು, ಆದರೆ ಒಂದು ಕುಣಿಕೆಯನ್ನೂ ಬಿಡಲಿಲ್ಲ. ಅದೊಂದು ಒಪ್ಪಬೇಕು.

ನವೆಂಬರ್ ೧೦

"ಅತ್ತೆ, ನಾನು ತಳ್ಳಲಾ? ನೀವು ಪಕ್ಕದಲ್ಲಿ ಕೂತು ಹೇಳಿ."

ಈ ಮಶಿನ್ ಮುಂದೆ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತದ್ದಿಲ್ಲ. ಬೇಡ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಕೂತು, ಕುರ್ಚಿಯನ್ನು ಮುಂದೆ ಹಿಂದೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಪಕ್ಕ ನೋಡಿದಳು. ಬಸ್ಸು ಹೊರಡಿಸುವ ಮೊದಲು ಮಾಡುವ ಹಾಗೆ. ನನಗೆ ನಗು ಬಂತು, ಕೆಮ್ಮಿ ನುಂಗಿಕೊಂಡೆ.

"ಮೊದಲು ಇದನ್ನ ತಿಳ್ಕೋ," ಎಂದೆ. "ಮಶಿನ್ ಮೇಲೆ ನಿನ್ನ ಕಣ್ಣಿಗೆ ಕಾಣೋದು ಯಾವಾಗ್ಲೂ ಒಳಮೈ. ನಯವಾದ ಹೊರಮೈ ಆಚೆ ಕಡೆ ಇರತ್ತೆ. ಹಾಗಾಗಿ ನಿನಗೆ ಎಡ ಕಂಡಿದ್ದು ಹಾಕ್ಕೊಳ್ಳೋರಿಗೆ ಬಲ."

"ಕನ್ನಡೀಲಿ ಹಿಂದಿನ ಗಾಡಿ ನೋಡೋ ಹಾಗೆ."

"ನಿನ್ನ ಬಸ್ಸಿನ ಪುರಾಣ ಬೇಡ. ತಳ್ಳು."

ತಳ್ಳಿದಳು ನೋಡಿ! ಮೇಜೇ ಅಲ್ಲಾಡಿತು. "ಏ ಡ್ರೈವರಮ್ಮ, ಮೆಲ್ಲಗೆ! ಇದರಲ್ಲಿ ಪ್ರಯಾಣಿಕರು ಸೂಜಿಗಳು," ಎಂದು ಕಿರುಚಿದೆ. ಆಮೇಲೆ ಮೆಲ್ಲಗೆ ಹೋದಳು. ಶಾಲು ಗೇಣುದ್ದ ಬೆಳೆಯಿತು.

ನವೆಂಬರ್ ೧೬

ಇವಳಿಗೆ ಓರೆ ಹೆಣಿಗೆ ಕಲಿಸಿದೆ. ಸೂಜಿಗಳಲ್ಲಿ ಕೆಲವನ್ನು ಮುಂದಕ್ಕೆ ಎಳೆದು ಬಿಟ್ಟರೆ ಅವು ಹೆಣೆಯುವುದಿಲ್ಲ, ಕುಣಿಕೆ ಹಿಡಿದುಕೊಂಡು ಸುಮ್ಮನೆ ಕಾಯುತ್ತವೆ. ಉಳಿದವು ಹೆಣೆಯುತ್ತ ಹೋದರೆ ಬಟ್ಟೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾಗಿ ತಾನಾಗಿ ಓರೆಯಾಗುತ್ತದೆ. ಕತ್ತರಿ ಬೇಕಿಲ್ಲ. ಇದು ನನಗೆ ಹತ್ತಲು ಒಂದು ಚಳಿಗಾಲ ಹಿಡಿದಿತ್ತು.

"ಅಂದ್ರೆ ಇವರು ಸ್ಟಾಪಲ್ಲಿ ನಿಂತಿರೋರು, ಈ ಟ್ರಿಪ್ಪಿಗೆ ಹತ್ತಲ್ಲ. ಮುಂದಿನ ಟ್ರಿಪ್ಪಿಗೆ ಇಬ್ಬಿಬ್ಬರನ್ನ ಹತ್ತಿಸ್ಕೊಳ್ಳೋದು. ಅಷ್ಟೇ ತಾನೆ?"

ಅಷ್ಟೇ. ಒಂದು ಚಹಾ ಕುಡಿಯುವಷ್ಟರಲ್ಲಿ ಕಲಿತಳು. ಹೊಟ್ಟೆ ಉರಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಬೇಕೆಂದೇ ಒಂದು ಕುಣಿಕೆ ಬೀಳಿಸಿ, ಅದು ಏಣಿಯ ಹಾಗೆ ಕೆಳಗಿನವರೆಗೆ ಬಿಚ್ಚಿಕೊಳ್ಳುವುದನ್ನೂ ತೋರಿಸಿದೆ. ಸಾಲಾಗಿ ಬೀಳಿಸಿದರೆ ಅದೇ ಒಂದು ವಿನ್ಯಾಸ. "ಅಯ್ಯೋ ಹೋಯ್ತು ಹೋಯ್ತು!" ಎಂದು ತಲೆ ಮೇಲೆ ಕೈ ಹೊತ್ತಳು. ಮಗ ನಿದ್ದೆಗಣ್ಣಲ್ಲಿ ಎದ್ದು ಬಂದು "ಯಾರು ಹೋದ್ರು?" ಎಂದು ಕೇಳಿದ.

ನವೆಂಬರ್ ೧೮

ಬೆಳಿಗ್ಗೆ ಕೋಟಿನ ಗುಂಡಿ ಹಾಕುತ್ತ, "ಅತ್ತೆ, ಒಂದು ಕೇಳಲಾ? ಬೈಬಾರದು," ಎಂದಳು.

ಅವಳ ಅಪ್ಪನ ವಿಷಯ. ನಮ್ಮ ಬೀಗರು ಕ್ಷೌರಿಕರು. ಮದುವೆಯಾದ ಎರಡು ತಿಂಗಳಿಗೆ ಲಕ್ವ ಹೊಡೆದು ಒಂದು ಕೈಯೂ ಕಾಲೂ ಬಿದ್ದುಹೋದವು. ಆಗ ಹಣ್ಣು ಹಿಡಿದುಕೊಂಡು ನೋಡಿ ಬಂದಿದ್ದೆ, ಕಂಬಳಿ ಹೊದ್ದು ಕೂತಿದ್ದರು. ಕಾಲು ಈಗ ಸರಿಹೋಗಿದೆಯಂತೆ, ನಡೆಯುತ್ತಾರೆ. ಆದರೆ ಮನೆಯ ಹೊಸ್ತಿಲು ದಾಟುವುದಿಲ್ಲ. ಬಟ್ಟೆ ತೊಡಿಸುವುದು ಅವರ ತಂಗಿ.

"ಜೀವನ ಪೂರ್ತಿ ಬೇರೆಯೋರ ಕುತ್ತಿಗೆಗೆ ಬಟ್ಟೆ ಕಟ್ಟಿದೋನು ನಾನು, ಈಗ ನನಗೊಬ್ಬರು ಕಟ್ಟಿ ಬೀದಿಗೆ ಕಳಿಸೋದು ಬೇಡ ಅಂತಾರೆ. ಕಂಬಳಿ ಹೊದ್ಕೊಂಡು ಅಂಗಡಿಗೆ ಹೋಗೋಕಾಗತ್ತಾ? ವರ್ಷದ ಕೊನೆಗೆ ಅಂಗಡಿ ಬಿಟ್ಟುಬಿಡ್ತೀನಿ, ಪಾಲುದಾರ ಚಿಕ್ಕಪ್ಪನೇ ನೋಡ್ಕೊಳ್ಳಲಿ ಅಂತ ಹೇಳಿ ಕಳಿಸಿದಾರೆ. ಚಿಕ್ಕಪ್ಪ ಬೇಡ ಅಂತಾನೆ. ಕತ್ತರಿ ಹಿಡೀದಿದ್ರೂ ಪರವಾಗಿಲ್ಲ, ಬಂದು ಕೂತ್ಕೊಂಡು ಹುಡುಗರನ್ನ ಬೈತಿದ್ರೆ ಸಾಕು ಅಂತಾನೆ."

ಗುಂಡಿ ಹಾಕುವ ಕೈ ನಿಂತಿತು.

"ಅಂಗಡಿ ಬಿಟ್ರೆ ಅಪ್ಪ ಉಳಿಯಲ್ಲ ಅತ್ತೆ. ಒಂದೇ ಕೈಲಿ ಹಾಕ್ಕೊಳ್ಳೋ ಸ್ವೆಟರ್ ಅಂತ ಇರತ್ತಾ?"

"ಅಂಥದ್ದೆಲ್ಲ ಇಲ್ಲ," ಎಂದೆ.

ಕೆಲಸಕ್ಕೆ ಹೋದಳು. ಇಂದು ಬಾಗಿಲನ್ನು ಮೆಲ್ಲಗೆ ಹಾಕಿದಳು. ಗಡಿಯಾರ ಅಲ್ಲಾಡಲಿಲ್ಲ, ನನಗದು ಹಿಡಿಸಲಿಲ್ಲ.

ನವೆಂಬರ್ ೧೯

ಇರದಿದ್ದರೆ ಮಾಡಿದರಾಯಿತು. ಒಂದು ಕೈಯ ಕಷ್ಟ ನನಗೆ ಗೊತ್ತಿರುವಷ್ಟು ಈ ಊರಿನ ಯಾವ ಹೆಣಿಗೆಯವಳಿಗೆ ಗೊತ್ತಿದೆ?

ಹಳೆಯ ಹಾಸಿಗೆ ಬಟ್ಟೆ ಕತ್ತರಿಸಿ, ಪಿನ್ನು ಚುಚ್ಚಿ, ಕೋಣೆಯ ಬಾಗಿಲು ಹಾಕಿಕೊಂಡು ತೊಟ್ಟು ನೋಡಿದೆ. ಮೊದಲನೆಯದು ತಲೆಯಲ್ಲೇ ಸಿಕ್ಕಿಕೊಂಡಿತು. ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಬಟ್ಟೆಯೊಳಗಿಂದಲೇ ಮಗನನ್ನು ಕೂಗಿದೆ. ಬಂದವನು ಬಾಗಿಲಲ್ಲೇ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕು ಆಮೇಲೆ ಬಿಡಿಸಿದ. ಹೆತ್ತ ತಾಯಿ ಎಂಬ ಮರ್ಯಾದೆಯೇ ಇಲ್ಲ.

ಸಂಜೆಯ ಹೊತ್ತಿಗೆ ದಾರಿ ಕಂಡಿತು. ಬಿದ್ದ ಕೈಯ ಕಡೆಗೆ ಪಕ್ಕದ ಹೊಲಿಗೆಯೇ ಇರಬಾರದು. ಸೊಂಟದಿಂದ ಕಂಕುಳವರೆಗೆ ತೆರೆದಿರಬೇಕು, ಆ ತೋಳು ಚೀಲದಷ್ಟು ಅಗಲ. ಕೂತಲ್ಲೇ ತೊಡೆಯ ಮೇಲೆ ಹರಡಿಕೊಂಡು ಮೊದಲು ಬಿದ್ದ ಕೈ, ಆಮೇಲೆ ತಲೆ, ಕೊನೆಗೆ ಒಳ್ಳೆಯ ಕೈ. ತೆರೆದ ಪಕ್ಕಕ್ಕೆ ಮುಂಭಾಗದಲ್ಲಿ, ಕೈಗೆ ಎಟುಕುವಲ್ಲಿ, ಮೂರು ದಪ್ಪ ಮರದ ಗುಂಡಿ.

ಇದನ್ನು ಕೆಳಗಿನಿಂದ ಮೇಲಕ್ಕೆ ಹೆಣೆದರೆ ಬಾರದು, ಅಡ್ಡಡ್ಡ ಹೆಣೆಯಬೇಕು. ಒಂದು ತೋಳಿನ ತುದಿಯಲ್ಲಿ ಶುರುಮಾಡಿ, ಎದೆ ದಾಟಿ, ಇನ್ನೊಂದು ತೋಳಿನಲ್ಲಿ ಮುಗಿಸುವುದು. ಆ ಅಗಲದ ತೋಳಿಗೆ ಓರೆ ಹೆಣಿಗೆ.

ಸೊಸೆ ಬಂದಾಗ ಹಾಸಿಗೆ ಬಟ್ಟೆಯ ಅಂಗಿಯನ್ನು ಅವಳೆದುರೇ ಒಬ್ಬಳೇ ತೊಟ್ಟು ತೋರಿಸಿದೆ. ಬೂಟು ಬಿಚ್ಚುವುದನ್ನೂ ಮರೆತು ನಿಂತಳು. ಆಮೇಲೆ ಬಂದು ತಬ್ಬಿಕೊಂಡಳು, ಪ್ಲಾಸ್ಟರು ಗೀಸ್ಟರು ಏನೂ ನೋಡದೆ. ನೋವಾಯಿತು. ಹೇಳಲಿಲ್ಲ.

ನವೆಂಬರ್ ೨೪

ಬೂದು ಬಣ್ಣ, ಅಲ್ಲಲ್ಲಿ ತೆಳುವಾದ ನೀಲಿ ಗೆರೆ. ಬೀಗರು ಶೋಕಿಯವರಂತೆ, ಬರೀ ಬೂದು ಹಾಕುವುದಿಲ್ಲವಂತೆ. ಮೊದಲ ತೋಳು ಶುರು.

ನವೆಂಬರ್ ೩೦

ಇವಳ ಸಿಳ್ಳೆಗೂ ಗಾಡಿಯ ಸದ್ದಿಗೂ ತಾಳ ಕೂಡುತ್ತದೆ. ಇಂದು ಅವಳು ಸಿಳ್ಳೆ ನಿಲ್ಲಿಸಿದಾಗ "ಯಾಕೆ ನಿಲ್ಲಿಸ್ದೆ?" ಎಂದು ಕೇಳಿದೆ. ಸಾಲು ಎಣಿಸಲು ಅನುಕೂಲ, ಅಷ್ಟೇ.

ಡಿಸೆಂಬರ್ ೫

ಕುತ್ತಿಗೆ ಮುಗಿಯಿತು. ಮುಂದೆ ತಗ್ಗು, ಹಿಂದೆ ಎತ್ತರ, ಒಂದು ಕುಣಿಕೆಯೂ ತಪ್ಪಿಲ್ಲ. ಮಧ್ಯಾಹ್ನದ ಪಾಳಿ ಮುಗಿಸಿ ಬಂದು ಕೂತವಳು ಏಳಲೇ ಇಲ್ಲ. ಚಹಾ ನಾನೇ ಮಾಡಿದೆ, ಒಂದೇ ಕೈಯಲ್ಲಿ. ಅರ್ಧ ಚೆಲ್ಲಿದೆ. ಉಳಿದರ್ಧ ಅವಳಿಗೆ.

ಡಿಸೆಂಬರ್ ೧೧

ಬರೆಯಲೇ ಕೈ ಏಳುತ್ತಿಲ್ಲ.

ಸ್ವೆಟರ್ ಇಂದು ಮುಗಿಯಿತು. ಹೊಲಿಗೆ ಹಾಕಿ, ಗುಂಡಿ ಹಚ್ಚಿ, ಪರೀಕ್ಷೆಗೆ ನಾನೇ ಕೂತೆ. ಬಿದ್ದ ಕೈ, ತಲೆ, ಒಳ್ಳೆಯ ಕೈ, ಒಂದು ಗುಂಡಿ, ಎರಡು, ಮೂರು. ಯಾರ ಸಹಾಯವೂ ಇಲ್ಲ. ಕನ್ನಡಿಯ ಮುಂದೆ ಹೋಗಿ ನಿಂತು ನೋಡಿಕೊಂಡೆ. ಇಷ್ಟು ವರ್ಷದಲ್ಲಿ ಇಂಥದ್ದೊಂದು ಹೆಣೆದಿರಲಿಲ್ಲ ಎನ್ನಿಸಿತು.

ತಿರುಗಿದರೆ ಸೊಸೆಯ ಮುಖ ಬಿಳಿಚಿಕೊಂಡಿತ್ತು.

"ಅತ್ತೆ. ಅಪ್ಪಂದು ಬಲಗೈ."

ನಾನು ಅಳತೆ ತೆಗೆದದ್ದು ನನ್ನ ಮೈಮೇಲೆ, ತೆರೆದದ್ದು ನನ್ನ ಎಡ ಪಕ್ಕ. ಅವರ ಕೈ ಯಾವುದೆಂದು ನಾನು ಕೇಳಲೇ ಇಲ್ಲ.

"ನೀನಾದ್ರೂ ಹೇಳಬಾರದಿತ್ತಾ? ಹೆಣೀತಿದ್ದೋಳು ನೀನು!"

"ನನಗೆ ಮೊದಲೇ ಅನ್ನಿಸ್ತು ಅತ್ತೆ, ಎಡಗೈಗೆ ಆಗ್ತಿದೆಯಲ್ಲ ಅಂತ. ಆದ್ರೆ ಮಶಿನ್ ಮೇಲೆ ಕಾಣೋದು ಒಳಮೈ, ಎಡ ಕಂಡಿದ್ದು ಬಲ ಆಗತ್ತೆ ಅಂತ ನೀವೇ ಹೇಳಿದ್ರಲ್ಲ. ಆಚೆ ಕಡೆ ಸರಿಯಾಗೇ ಇರತ್ತೆ ಅಂದ್ಕೊಂಡೆ."

ನಾನು ಕಲಿಸಿದ್ದನ್ನು ಕಣ್ಣು ಮುಚ್ಚಿ ನಂಬಿದ್ದಾಳೆ. ಈಗ ಯಾರ ಮೇಲೆ ರೇಗಲಿ?

ಬಿಚ್ಚಿ ಮತ್ತೆ ಹೆಣೆಯಬೇಕೆಂದರೆ ನೂಲು ತೊಳೆದು, ಸುರುಳಿ ಬಿಡಿಸಿ, ಒಣಗಿಸಬೇಕು. ಅವಳಿಗೆ ರಜೆಯಿಲ್ಲ, ವರ್ಷ ಮುಗಿಯುತ್ತ ಬಂತು. ಇಬ್ಬರೂ ಊಟ ಮಾಡಲಿಲ್ಲ. ಮಗ ಬೇಕರಿಯಿಂದ ತಂದ ಬನ್ನು ಹಾಗೇ ಇದೆ.

ಡಿಸೆಂಬರ್ ೧೨

ಬೆಳಗಿನ ಪಾಳಿಗೆ ಹೊರಡುವ ಮೊದಲು ಅವಳು ನನ್ನ ಕೋಣೆಗೆ ಬಂದಳು. ನಾನು ಆ ಸ್ವೆಟರನ್ನೇ ತೊಟ್ಟುಕೊಂಡು ಕೂತಿದ್ದೆ. ಚಳಿಯಿತ್ತು, ಕೋಟಿಗೆ ಇನ್ನೊಬ್ಬರನ್ನು ಕಾಯಬೇಕು, ಇದಕ್ಕೆ ಬೇಕಿಲ್ಲ.

"ಬಿಚ್ಚಿ ಅತ್ತೆ, ಹೆಣಿಗೆ ಬಿಡಿಸಿ ನೂಲು ತೊಳೆಯೋಕೆ ಹಾಕಿ ಹೋಗ್ತೀನಿ," ಎಂದು ಅಳುದನಿಯಲ್ಲಿ ಹೇಳಿ, ತಾನೇ ಗುಂಡಿ ತೆಗೆದು, ಸಿಟ್ಟಿನಿಂದ ನನ್ನ ತಲೆಯ ಮೇಲಿಂದ ಎಳೆದು ಮಂಚದ ಮೇಲೆ ಎಸೆದಳು. ಎಳೆದ ರಭಸಕ್ಕೆ ಅದು ಪೂರ್ತಿ ಒಳಗು ಹೊರಗಾಗಿ ಬಿತ್ತು.

ನಾನು ಅದನ್ನೇ ನೋಡಿದೆ. ಒಳಗು ಹೊರಗಾದದ್ದೇ ತಡ, ತೆರೆದ ಪಕ್ಕ ಬಲಕ್ಕೆ ಬಂದಿತ್ತು. ಕುತ್ತಿಗೆಯ ತಗ್ಗು ಮುಂದೆಯೇ ಇತ್ತು.

"ಏ ಹುಡುಗಿ, ಬಿಚ್ಚಬೇಡ!" ಎಂದು ನಾನು ಕಿರುಚಿದ ದನಿ ಅವಳ ದನಿಯನ್ನೂ ಮೀರಿಸಿತು.

ಒಳಮೈಯನ್ನು ಹೊರಗೆ ತೋರಿಸುವುದೆಂದರೆ ನನಗೆ ಪ್ರಾಣಸಂಕಟ. ಗಂಟು, ಹೊಲಿಗೆ, ನೂಲಿನ ತುದಿ ಎಲ್ಲ ಮುಚ್ಚಿಡುವ ಜಾಗ ಅದು. ಆದರೆ ಕಿಟಕಿಯ ಬಳಿ ಹಿಡಿದು ನೋಡಿದರೆ ಆ ಕಡೆ ಗೆರೆಯಾಗಿದ್ದ ನೀಲಿ ಈ ಕಡೆ ಚುಕ್ಕೆ ಚುಕ್ಕೆಯಾಗಿ ಬೂದು ಬಣ್ಣದೊಳಗೆ ಬೆರೆತಿತ್ತು. ಚೆನ್ನಾಗಿತ್ತು. ಇಷ್ಟು ದಿನವೂ ನಾವಿಬ್ಬರೂ ನೋಡಿದ್ದು ಈ ಮುಖವನ್ನೇ, ಕಣ್ಣಿಗೆ ಬಿದ್ದಿರಲಿಲ್ಲ.

ಅವಳಿಗೆ ಪಾಳಿ ತಪ್ಪುವುದರಲ್ಲಿತ್ತು. ಬೀದಿಯಲ್ಲಿ ಓಡುತ್ತಲೇ ಸಿಳ್ಳೆ ಹಾಕಿಕೊಂಡು ಹೋದಳು.

ಡಿಸೆಂಬರ್ ೧೬

ಪ್ಲಾಸ್ಟರು ತೆಗೆದರು. ಕೈ ಸಣಕಲಾಗಿದೆ, ಬೆರಳು ಆಡುತ್ತವೆ. ಸ್ವೆಟರಿನ ಹಳೆಯ ಹೊಲಿಗೆ ಬಿಚ್ಚಿ ಅಂಚುಗಳನ್ನೆಲ್ಲ ಈಗ ಒಳಗಾದ ಕಡೆಗೆ ಮಡಚಿ ಹೊಲಿದೆ, ಗುಂಡಿಗಳನ್ನು ತಿರುಗಿಸಿ ಹಚ್ಚಿದೆ. ಹಲ್ಲುವೈದ್ಯೆಯ ಶಾಲಿನ ಉಳಿದ ಭಾಗ ಅವಳೇ ಹೆಣೆಯಲಿ. ನನಗೆ ಪಕ್ಕದ ಸ್ಟೂಲೇ ಅಭ್ಯಾಸವಾಗಿಬಿಟ್ಟಿದೆ, ಅಲ್ಲಿಂದ ಬೆಳಕೂ ಚೆನ್ನಾಗಿದೆ.

ಡಿಸೆಂಬರ್ ೨೧

ಬೀಗರ ಮನೆಗೆ ಹೋಗಿದ್ದೆವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಮ್ಮ ಹುಡುಗಿ ಕಾಲಡಿ ಇಲ್ಲದ ಬ್ರೇಕು ಒತ್ತುತ್ತ ಕೂತಿದ್ದಳು.

ಬೀಗರು ಕಂಬಳಿಯೊಳಗಿದ್ದರು. ಕ್ಷೌರಿಕರ ಮುಖದಲ್ಲಿ ವಾರದ ಗಡ್ಡ. ಸ್ವೆಟರ್ ಕಂಡು, "ಬೀಗಿತ್ತಿಯವರೇ, ಕೈ ನೋವಲ್ಲಿ ಯಾಕೆ ತೊಂದರೆ ತಗೊಂಡ್ರಿ?" ಎಂದರು.

"ನಾನಲ್ಲ, ನಿಮ್ಮ ಮಗಳು ಹೆಣೆದದ್ದು. ನಾನು ಪಕ್ಕದಲ್ಲಿ ಕೂತು ಬಾಯಿ ಮಾಡಿದೆ, ಅಷ್ಟೇ."

ಅವರ ತಂಗಿ ತೊಡಿಸಲು ಎದ್ದರು. ಬೀಗರು ಎಡಗೈ ಎತ್ತಿ ತಡೆದರು. ಮಗಳು ಸ್ವೆಟರನ್ನು ಅವರ ತೊಡೆಯ ಮೇಲೆ ಹರಡಿ, ಹೇಗೆಂದು ಒಮ್ಮೆ ಹೇಳಿ, ದೂರ ನಿಂತಳು.

ಎಡಗೈಯಿಂದ ಬಲಗೈಯನ್ನು ಎತ್ತಿ ಅಗಲದ ತೋಳಿನೊಳಗೆ ಇಟ್ಟರು. ತಲೆ ತೂರಿಸಿದರು, ಸ್ವಲ್ಪ ಹೊತ್ತು ಒಳಗೇ ಇದ್ದರು, ಹೊರಗೆ ಬಂದರು. ಎಡಗೈ ಹೋಯಿತು. ಮೊದಲ ಗುಂಡಿ, ಎರಡನೆಯದು. ಮೂರನೆಯದು ಜಾರಿತು. ಮತ್ತೆ ಜಾರಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಸೊಸೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗುಂಡಿ ಕೂತಿತು.

ಆಮೇಲೆ ಅವರು ಮೂರೂ ಗುಂಡಿ ತೆಗೆದು ಸ್ವೆಟರ್ ಕಳಚಿ ತೊಡೆಯ ಮೇಲೆ ಹಾಕಿಕೊಂಡರು. ಹಿಡಿಸಲಿಲ್ಲವೇನೋ ಎಂದುಕೊಂಡೆ. ಅವರು ಬಲಗೈಯನ್ನು ಎತ್ತಿ ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ಬೇಗ ಆಯಿತು. ಸೊಸೆ ಗೋಡೆಗೆ ಮುಖಮಾಡಿ ಅತ್ತಳು, ನಾನು ಮುಖ ತಿರುಗಿಸದೆಯೇ ಅತ್ತೆ.

"ಅಂಗಡಿ ತೆಗೆದಿರತ್ತಾ ಈಗ?" ಎಂದು ಬೀಗರು ಕೇಳಿದರು. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದರು.

ಎರಡು ಬೀದಿ ಆಚೆ ಅಂಗಡಿ. ಅವರು ಮುಂದೆ, ನಾವು ಮೂವರೂ ಹೆಂಗಸರು ಹಿಂದೆ. ಪಾಲುದಾರರು ಒಬ್ಬರ ಕೆನ್ನೆಗೆ ನೊರೆ ಹಚ್ಚುತ್ತಿದ್ದವರು ಬ್ರಶ್ಶು ಹಿಡಿದುಕೊಂಡೇ ಕಕ್ಕಾಬಿಕ್ಕಿಯಾಗಿ ನಿಂತರು. ಏನು ಮಾತಾಡಬೇಕೋ ತಿಳಿಯದೆ, ಕಣ್ಣಿಗೆ ಕಂಡದ್ದನ್ನು ಹೇಳಿಬಿಟ್ಟರು.

"ಅಣ್ಣಾ... ಸ್ವೆಟರ್ ಒಳಗು ಹೊರಗು ಆಗಿದೆಯಲ್ಲ! ಯಾರು ಹೀಗೆ ತೊಡಿಸಿ ಕಳಿಸಿದ್ದು ನಿಮ್ಮನ್ನ?"

ನಾನು ನಾಚಿಕೆಯಿಂದ ನೆಲ ನೋಡಿದೆ. ಸೊಸೆ ಎಲ್ಲವನ್ನೂ ವಿವರಿಸಲು ಬಾಯಿ ತೆರೆದಳು. ಬೀಗರು ಅವಳನ್ನು ಕೈ ಸನ್ನೆಯಲ್ಲೇ ಸುಮ್ಮನಾಗಿಸಿ, ಕನ್ನಡಿಯ ಮುಂದಿನ ತಮ್ಮ ಕುರ್ಚಿಯಲ್ಲಿ ಕೂತು, ಕಾಲು ಚಾಚಿದರು.

"ನಾನೇ ಹಾಕ್ಕೊಂಡಿದ್ದು," ಎಂದರು. ಅಂಗಡಿಯಲ್ಲಿದ್ದವರು ಕೇಳಿದ್ದು ಸಾಲದೆಂದೋ ಏನೋ, ಬೀದಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದರು.